ಪೈಪು ಹಾಗೇ ಇರಲಿ

“ಏ ರಮೀ, ಹೇಲಿನ ಡಬ್ಬಿ ಹಿಡ್ಕೊಂಡು ನನ್ನ ಕಟ್ಟಿ ಹತ್ತತೀ ಏನ್ಲೇ ರಂಡಿ? ಅಲ್ಲೇ ಇಡು. ಜೀಪಿನವ ಬಂದು ಒಯ್ತಾನ.”

ಗುರುಲಿಂಗಪ್ಪ ಸಾವ್ಕಾರ ಮೂಗಿಗೆ ಟವೆಲ್ಲು ಹಿಡಿದಿದ್ದ. ರಮಾಬಾಯಿ ಕಟ್ಟೆ ಹತ್ತಿರಲಿಲ್ಲ, ಅದರ ನೆರಳಿಗೆ ನಿಂತಿದ್ದಳು ಅಷ್ಟೆ. ಡಬ್ಬಿಗೆ ಬಿಸಿಲು ತಾಗಬಾರದು ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಅದರಲ್ಲಿದ್ದದ್ದು ಅವಳ ಮಗಳು ಅಂಜನಾಳ ಮಲ. ಹಿಂದಿನ ದಿನದಿಂದ ಮಗುವಿಗೆ ಜುಲಾಬು ಹತ್ತಿತ್ತು, ನೀರಿನಂಥ ಭೇದಿ.

ಕಮಲಾಪುರದ ಹೊರಗಿನ ನಮ್ಮ ಕೇರಿಯಲ್ಲಿ ಮಳೆ ಬಿದ್ದರೆ ಇದು ಹೊಸದಲ್ಲ. ಕುಡಿಯುವ ನೀರಿನ ಪೈಪು ಚರಂಡಿಯೊಳಗೇ ಹಾದು ಬರುತ್ತಿತ್ತು, ಅಲ್ಲಲ್ಲಿ ಒಡೆದಿತ್ತು. ಸರ್ಕಾರದ ಹೊಸ ಪೈಪುಗಳು ಬಂದು ನೀರಿನ ಟಾಕಿಯ ಪಕ್ಕ ಬಿದ್ದು ಎಷ್ಟೋ ಕಾಲವಾಗಿತ್ತು. ಅವನ್ನು ಹಾಕಬೇಕೆಂದರೆ ಸಾವ್ಕಾರನ ಕೆಂಬಾಳೆ ತೋಟದ ಬದು ಅಗೆಯಬೇಕು. ಅವನು ಬಿಡುತ್ತಿರಲಿಲ್ಲ. ಆ ತೋಟದಲ್ಲಿ ಕೂಲಿ ಮಾಡುವವರು ನಾವೇ ಆದ್ದರಿಂದ ನಾವೂ ಜೋರಾಗಿ ಕೇಳುತ್ತಿರಲಿಲ್ಲ.

ಹೀಗಿರುವಾಗಲೇ ಆ ಡಾಕ್ಟರು, ಸುನೀಲಕುಮಾರ, ನಮ್ಮನ್ನು ಹುಡುಕಿಕೊಂಡು ಬಂದಿದ್ದರು. ಕಲಬುರಗಿಯ ಖೂಬಾ ಪ್ಲಾಟಿನವರು, ಕರುಳಿನ ರೋಗಗಳ ವಿಜ್ಞಾನಿ. ಜುಲಾಬು ತಡೆಯುವ ಲಸಿಕೆಯ ಹನಿ ತಯಾರಿಸಿದ್ದರು. ಅರ್ಧ ಮಕ್ಕಳ ಬಾಯಿಗೆ ಆ ಹನಿ, ಉಳಿದವರಿಗೆ ಬರೀ ಸಿಹಿನೀರು. ಯಾರಿಗೆ ಯಾವುದೆಂದು ಅವರಿಗೂ ತಿಳಿಯುವುದಿಲ್ಲವಂತೆ. ಜುಲಾಬು ಹತ್ತಿದ ಮಗುವಿನ ಮಲವನ್ನು ಡಬ್ಬಿಯಲ್ಲಿ ಹಿಡಿದು ಅವರ ಜೀಪಿಗೆ ಕೊಡಬೇಕಿತ್ತು. ಇಷ್ಟು ಜುಲಾಬು ಇರುವ ಜಾಗ ಸಿಗುವುದು ಅಪರೂಪ ಎಂದು ಮೆಚ್ಚಿಕೊಂಡರು. ನಮ್ಮ ಕೇರಿಯನ್ನು ಯಾರಾದರೂ ಮೆಚ್ಚಿದ್ದು ಅದೇ ಮೊದಲು. ಒಳ್ಳೆಯ ಮನುಷ್ಯ. ನಮ್ಮ ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರು.

ಡಬ್ಬಿ ಜೀಪು ಹತ್ತಿ ಕಲಬುರಗಿಗೆ ಹೋಯಿತು. ಅಂಜನಾಳನ್ನು ಒಯ್ಯಲು ಜೀಪಿನವನಿಗೆ ಹುಕುಂ ಇರಲಿಲ್ಲ. ಅವಳ ಅಪ್ಪ ಮಾಪಣ್ಣ ಅವಳನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಿಂತ. ಬಸ್ಸು ಕಲಬುರಗಿ ಮುಟ್ಟುವ ಮೊದಲೇ ಮಗು ತಣ್ಣಗಾಯಿತು.

ಮಣ್ಣು ಮಾಡಿದ ಮೇಲೆ ಗಂಡ ಹೆಂಡತಿ ಕಲಬುರಗಿಯ ಸೇಡಂ ರಸ್ತೆಯ ಡಾಕ್ಟರ ಆಫೀಸಿಗೆ ಹೋದರು. ಡಾಕ್ಟರ ಕಣ್ಣು ತುಂಬಿ ಬಂತು. ಅಂಜನಾಳಿಗೆ ಯಾವ ಕ್ರಿಮಿ ತಗುಲಿತ್ತೆಂದು ಪತ್ತೆಯಾಗಿದೆ, ತಮ್ಮ ಹನಿ ಇರುವುದೂ ಅದಕ್ಕೇ ಎಂದರು. ಅವಳ ಬಾಯಿಗೆ ಬಿದ್ದದ್ದು ಹನಿಯೋ ಸಿಹಿನೀರೋ ಎಂದು ಮಾಪಣ್ಣ ಕೇಳಿದ. ಯಾರಿಗೆ ಯಾವುದೆಂಬ ಪಟ್ಟಿಯನ್ನು ಅಧ್ಯಯನ ಮುಗಿಯುವ ಮೊದಲು ತೆರೆದು ನೋಡುವ ಹಾಗಿಲ್ಲ ಎಂದರು.

“ಹನಿಗಿ ನಮ್ದೇನು ತಕರಾರಿಲ್ರಿ ಸಾಹೇಬ್ರ,” ಎಂದಳು ರಮಾಬಾಯಿ. “ನೀವೊಂದು ಮಾತು ಹೇಳಿದ್ರ ಸಾವ್ಕಾರ ಬದು ಬಿಡ್ತಾನ. ಆ ಪೈಪ್ ಹಾಕಸ್ರಿ.”

ಡಾಕ್ಟರು ಮೆಲ್ಲಗೆ ಹೇಳಿದರು: “ಅಧ್ಯಯನದ ನಡುವ ಪೈಪ್ ಬದಲಾದ್ರ ಜುಲಾಬು ತಾನಾಗೇ ಕಡಿಮಿ ಆಗ್ತದವ್ವಾ. ಹನಿಯಿಂದ ಆಯ್ತೋ ನೀರಿಂದ ಆಯ್ತೋ ಹ್ಯಾಂಗ ಗೊತ್ತಾಗಬೇಕು? ಇನ್ನೊಂದು ಮಳಿಗಾಲ ಪೈಪ್ ಹಂಗೇ ಇರ್ಲಿ. ಮುಂದ ಲಕ್ಷಗಟ್ಲೆ ಮಕ್ಕಳು ಉಳಿತಾವ.”

ರಮಾಬಾಯಿ ಬಂದು ಇದನ್ನು ಹೇಳಿದಾಗ ಕೇರಿಯಲ್ಲಿ ಯಾರೂ ಬೈಯಲಿಲ್ಲ. ಪೈಪು ಬದಲಾದರೆ ಜುಲಾಬು ಹೋಗುತ್ತದೆಂದು ವಿಜ್ಞಾನಿಯೇ ಒಪ್ಪಿದ ಮೇಲೆ ಬೈಯುವುದೇನಿತ್ತು? ಮರುದಿನ ಬೆಳಿಗ್ಗೆ ಎಂದಿನಂತೆ ತೋಟಕ್ಕೆ ಹೋದೆವು. ಬಾಳೆಯ ಬುಡ ಅಗೆಯುವುದು ಬಿಟ್ಟು ಬದು ಅಗೆದೆವು. ಟಾಕಿಯ ಪಕ್ಕದ ಪೈಪುಗಳನ್ನು ಹೊತ್ತು ತಂದೆವು.

ಸಾವ್ಕಾರ ಧೋತರ ಎತ್ತಿಕೊಂಡು ಓಡಿ ಬಂದ. “ಯಾರಪ್ಪನ ಬದು ಅಂತ ಕಡಿಲಾಕತ್ತೀರಿ, ಸೂಳೇಮಕ್ಕಳ್ರಾ?”

ರಮಾಬಾಯಿ ಗುದ್ದಲಿ ನಿಲ್ಲಿಸಲಿಲ್ಲ. “ನಿಮ್ದೇರಿ. ಮಗಳಿಗಿ ತೆಗ್ಗು ತೋಡಿ ಬಂದೀನಿ, ಇದೇನು ದೊಡ್ಡದಲ್ಲ. ಬಾಜೂ ಸರೀರಿ.”

ಪೈಪು ಹೂತು ಜೋಡಿಸಿದೆವು. ಸರ್ಕಾರಿ ಪೈಪು ಕದ್ದ ಕೇಸು ಮಾಪಣ್ಣನ ಮೇಲೆ ಬಿತ್ತು. ಇನ್ನೂ ನಡೆದಿದೆ. ತೋಟದ ಕೂಲಿ ಎಲ್ಲರಿಗೂ ನಿಂತಿತು. ಕದ್ದ ಮಾಲು ನೋಡಲು ಬಂದ ಪೊಲೀಸರು ಅದರದೇ ನೀರು ಕುಡಿದು, ಚಲೋ ಅದ ಎಂದು ಹೇಳಿ ಹೋದರು.

ಜುಲಾಬು ನಿಂತಿತು. ಜೀಪು ಖಾಲಿ ಡಬ್ಬಿ ತಂದು ಖಾಲಿಯನ್ನೇ ಒಯ್ಯತೊಡಗಿತು. ಕೊನೆಗೆ ಡಾಕ್ಟರೇ ಬಂದರು. ಸೊರಗಿದ್ದರು. ಅಧ್ಯಯನ ಕೆಟ್ಟಿತು, ಬೇರೆ ಕಡೆ ಮೊದಲಿನಿಂದ ಶುರು ಮಾಡಬೇಕು ಎಂದರು. ಸಿಟ್ಟು ಮಾಡಲಿಲ್ಲ. ಹೋಗುವಾಗ ರಮಾಬಾಯಿಯನ್ನು ಕೇಳಿದರು: “ಅವ್ವಾ, ಈ ಕಡೀಗಿ ಇನ್ನೆಲ್ಲಿ ಚರಂಡ್ಯಾಗಿಂದ ಪೈಪ್ ಬರ್ತದ?”

ಅವಳಿಗೆ ಗೊತ್ತಿತ್ತು. ಅವಳ ತವರಿನ ಕೇರಿಯೇ ಹಾಗಿತ್ತು.

“ನಾಳಿಗಿ ಬರ್ರಿ, ತೋರಸ್ತೀನಿ,” ಎಂದಳು.

ಜೀಪು ತಿರುವು ದಾಟುವವರೆಗೆ ಕಾಯ್ದು ಗುದ್ದಲಿ ಹೆಗಲಿಗೇರಿಸಿದಳು. ನಾವೂ ಅವಳ ಹಿಂದೆ ಹೊರಟೆವು.