ಓವರಾಲ್ ಇಲ್ಲದ ವಪ್ಪು

ಮೇ ಒಂದರ ವಪ್ಪು ಹಬ್ಬಕ್ಕೆ ತರಗತಿಯ ಎಲ್ಲರ ಮೈಮೇಲೂ ಓವರಾಲ್ ಇರುತ್ತದೆ ಎಂದು ಹಿಲ್ಲಾ ಮಾತು ಕೊಟ್ಟಿದ್ದಳು. ಫಿನ್ಲೆಂಡಿನ ಟುರ್ಕು ನಗರದಲ್ಲಿ ಓವರಾಲ್ ಇಲ್ಲದ ವಿದ್ಯಾರ್ಥಿ ಲೆಕ್ಕಕ್ಕೇ ಇಲ್ಲ. ಕತ್ತಿನಿಂದ ಕಾಲಿನವರೆಗೆ ಒಂದೇ ಆಗಿರುವ ಆ ದೊಗಳೆ ಉಡುಪಿನ ಬಣ್ಣ ನೋಡಿಯೇ ಇವನು ರಸಾಯನಶಾಸ್ತ್ರದವನು, ಇವಳು ಮೆಡಿಕಲ್ಲಿನವಳು ಎಂದು ಬೀದಿಯಲ್ಲಿ ಹೇಳಬಹುದು. ಜಾಗತಿಕ ನ್ಯಾಯ ಓದುವ ಮೊದಲ ವರ್ಷದವರಿಗೆ ಮಾತ್ರ ಇನ್ನೂ ಬಣ್ಣವಿರಲಿಲ್ಲ.

ಕಾರಣ, ಅವರು ಯೋಚಿಸುವ ಜನ. ಬೇರೆ ವಿಭಾಗದವರು ಬಣ್ಣ ಆರಿಸಿ, ಅಳತೆ ಕೊಟ್ಟು ಸುಮ್ಮನಾದರೆ ಇವರು ಇಡೀ ಚಳಿಗಾಲ ಸಭೆ ಸೇರಿದರು. ಹತ್ತಿ ಎಲ್ಲಿಯದು, ಬಣ್ಣದ ನೀರು ಯಾವ ಹೊಳೆಗೆ ಹೋಗುತ್ತದೆ, ಹೊಲಿಯುವವರಿಗೆ ಸಂಘ ಕಟ್ಟುವ ಹಕ್ಕಿದೆಯೇ, ಖರ್ಚು ಹುಟ್ಟಲೆಂದು ಬೆನ್ನ ಮೇಲೆ ಬ್ಯಾಂಕಿನ ಜಾಹೀರಾತು ಹಾಕಿಸಿಕೊಂಡು ನ್ಯಾಯದ ಮಾತಾಡಬಹುದೇ. ಒಬ್ಬರು ಒಪ್ಪದಿದ್ದರೂ ತೀರ್ಮಾನವಿಲ್ಲ. ಮುಂದಿನ ವಾರ ಮತ್ತೆ ಕಾಫಿ, ಮತ್ತೆ ಏಲಕ್ಕಿ ಬನ್ನು. ಈ ಸಭೆಗಳಿಗೆ ಹಿಲ್ಲಾಳೇ ಅಧ್ಯಕ್ಷೆ. ಸಭೆ ನಡೆಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಮುಚ್ಚಿಡುವ ಗೋಜಿಗೆ ಅವಳು ಹೋದವಳಲ್ಲ.

ಮಾರ್ಚ್ ಮುಗಿಯುವ ಹೊತ್ತಿಗೆ, ನ್ಯಾಯವಾದ ಕೂಲಿ ಕೊಡುತ್ತದೆಂದು ಪ್ರಮಾಣಪತ್ರ ಪಡೆದಿದ್ದ ಬಾಂಗ್ಲಾದೇಶದ ಚಿತ್ತಗಾಂಗಿನ ಒಂದು ಕಾರ್ಖಾನೆ ಅಂತೂ ಎಲ್ಲರಿಗೂ ಒಪ್ಪಿಗೆಯಾಯಿತು. ಬಣ್ಣ ಸಾಸಿವೆ ಹಳದಿ. ಲೋಕವನ್ನೇ ಉದ್ಧಾರ ಮಾಡಿದವರಂತೆ ಎಲ್ಲರೂ ಕೈ ಕುಲುಕಿಕೊಂಡರು.

ಹಬ್ಬ ಹತ್ತಿರವಾದಾಗ ಹಿಲ್ಲಾ ಲಾಹ್ತಿ ಊರಿನಲ್ಲಿದ್ದ, ಕಾರ್ಖಾನೆಗೆ ಇವರ ಆರ್ಡರ್ ಕಳಿಸಿಕೊಟ್ಟಿದ್ದ ಬಟ್ಟೆ ವ್ಯಾಪಾರಿ ತಾಯ್ಸ್ತೋಗೆ ಫೋನ್ ಮಾಡಿದಳು. ಗಿರಾಕಿಯ ಮನಸ್ಸು ನೋಯಿಸಿ ಗೊತ್ತಿಲ್ಲದ ಹಳೆಯ ಕಾಲದ ಮನುಷ್ಯ ಅವನು.

"ಚಿಂತೆ ಬಿಡಮ್ಮ, ಹಬ್ಬಕ್ಕೆ ಮುಂಚೇನೇ ಕೈಗೆ ಸಿಗುತ್ತೆ."

"ಅಷ್ಟು ಬೇಗ ಹೆಂಗೆ? ನಾವು ಆರ್ಡರ್ ಕೊಟ್ಟಿದ್ದೇ ತಡವಾಗಿತ್ತಲ್ಲ."

"ರಾತ್ರೀನೂ ಕೂತು ಹೊಲೀತಿದಾರೆ, ಅಲ್ಲಿ ವಾರದ ರಜಾ ಶುಕ್ರವಾರ, ಅದನ್ನೂ ಬಿಟ್ಟಿದಾರೆ. ಕಡೇ ಗಳಿಗೇಲಿ ಬಂದ ಆರ್ಡರ್‌ಗೆಲ್ಲ ಹಂಗೇ."

"ಅದಕ್ಕೆ ಅವರಿಗೆ ಜಾಸ್ತಿ ದುಡ್ಡು ಸಿಗುತ್ತಾ?"

"ಇಲ್ಲಮ್ಮ, ಒಂದು ಹೊಲಿದ್ರೆ ಇಷ್ಟು ಅಂತ ಲೆಕ್ಕ. ನಿಮಗೆ ಒಂದು ಸೆಂಟೂ ಹೆಚ್ಚಾಗಲ್ಲ."

"ಪ್ರಮಾಣಪತ್ರ ಇತ್ತಲ್ಲ?"

"ಇದೆಯಲ್ಲ, ಗೋಡೆ ಮೇಲೆ ತೂಗುಹಾಕಿದಾರೆ." ತಾಯ್ಸ್ತೋ ಅಕ್ಕರೆಯಿಂದ ನಕ್ಕ. "ಮೆಡಿಕಲ್‌ನವರು ಅಕ್ಟೋಬರ್‌ನಲ್ಲೇ ಆರ್ಡರ್ ಕೊಟ್ಬಿಟ್ರು. ನಿಮ್ಮ ನ್ಯಾಯದವರದ್ದು ಮಾತ್ರ ಪ್ರತಿ ವರ್ಷ ಇದೇ ಕತೆ."

ಹಿಲ್ಲಾಳ ಕಿವಿ ಬಿಸಿಯಾಯಿತು. ತಾವು ಕಾಫಿ ಹೀರುತ್ತ ಚರ್ಚಿಸಿದ ವಾರಗಳನ್ನೆಲ್ಲ ಯಾರೋ ಅಲ್ಲಿ ನಿದ್ದೆಗೆಟ್ಟು ತುಂಬಿಕೊಡುತ್ತಿದ್ದಾರೆ. ಅವಳಿಗೆ ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು. ಆದರೆ ನಾಚಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂರುವ ಜಾತಿ ಅವಳದಲ್ಲ.

"ರಾತ್ರಿ ಹೊಲಿಯೋದು ಬೇಡ ಅನ್ನಿ."

"ಆರ್ಡರ್ ರದ್ದು ಮಾಡ್ತೀಯಾ?"

"ರದ್ದು ಮಾಡಿದ್ರೆ ಅವರ ಹೊಟ್ಟೆ ಮೇಲೆ ಹೊಡೆದಂಗೆ. ಹಗಲು ಹೊಲೀಲಿ, ರಜಾ ದಿನ ಮನೇಲಿರ್ಲಿ. ದುಡ್ಡು ಪೂರ್ತಿ ಈಗಲೇ ಕಳಿಸ್ತೀನಿ. ಸೆಪ್ಟೆಂಬರ್‌ಗೆ ಬಂದ್ರೆ ಸಾಕು. ಇದನ್ನ ಅವರಿಂದ ಬರೆಸಿಕೊಂಡು ನನಗೆ ಕಳಿಸಿ."

"ತಡ ಮಾಡಿ ಅಂತ ಫೋನ್ ಮಾಡಿದವರನ್ನ ನಾನು ಇದೇ ಮೊದಲು ನೋಡ್ತಿರೋದು," ಎಂದ ತಾಯ್ಸ್ತೋ.

ಸಂಜೆ ಹಿಲ್ಲಾ ತರಗತಿಯಲ್ಲಿ ವಿಷಯ ತಿಳಿಸಿದಳು. ಮೊದಲು ಬಾಯಿಬಿಟ್ಟವನು ಓಟ್ಸೋ. ಓವರಾಲಿನ ಮೇಲೆ ಹೊಲಿದುಕೊಳ್ಳಲೆಂದು ಡಬ್ಬ ತುಂಬ ಪ್ಯಾಚು ಕೂಡಿಟ್ಟುಕೊಂಡಿದ್ದ ಪಾಪದ ಹುಡುಗ.

"ಮೊದಲನೇ ವಪ್ಪು ಕಣೇ ಇದು, ಮತ್ತೆ ಬರಲ್ಲ. ಮಾತು ಕೊಟ್ಟಿದ್ದೆ ನೀನು."

"ಹೌದು, ಕೊಟ್ಟಿದ್ದೆ. ಈಗ ಮುರಿದಿದೀನಿ."

"ಸರಿ, ಇದರ ಬಗ್ಗೆ ಒಂದು ಸಭೆ ಕರೆಯೋಣ. ಎರಡೂ ಕಡೆ ವಾದ ಕೇಳಿ, ಆಮೇಲೆ..."

"ಆ ಸಭೆಗಳಿಂದಲೇ ಕಣೋ ಅವರ ನಿದ್ದೆ ಹೋಗಿದ್ದು. ನಾನಾಗಲೇ ಹೇಳಿಯಾಗಿದೆ."

ಓವರಾಲ್ ಬರುವುದಿಲ್ಲ ಎಂದಾಗ ಆಗದಷ್ಟು ಸಿಟ್ಟು ಈಗ ಎದ್ದಿತು. ಸಭೆ ಕರೆಯದೆ ತೀರ್ಮಾನ ಮಾಡುವುದೆಂದರೆ ಇವರ ಪಾಲಿಗೆ ಕೊಲೆಗಿಂತ ಒಂದೇ ಮೆಟ್ಟಿಲು ಕೆಳಗೆ.

"ನಮ್ಮನ್ನ ಒಂದು ಮಾತು ಕೇಳಲಿಲ್ಲ ನೀನು," ಎಂದ ಓಟ್ಸೋ.

"ಶುಕ್ರವಾರ ಕೆಲಸಕ್ಕೆ ಬರ್ತೀರಾ ಅಂತ ಅವರನ್ನ ನಾವು ಕೇಳಿದ್ವಾ?"

ಅಧ್ಯಕ್ಷೆಯನ್ನು ಬದಲಾಯಿಸಬೇಕು ಎಂದು ಒಂದಿಬ್ಬರು ಗೊಣಗಿದರು. "ಹಬ್ಬ ಕಳೀಲಿ, ಬದಲಾಯಿಸಿ," ಎಂದು ಹಿಲ್ಲಾ ಕೋಟು ಹಾಕಿಕೊಂಡಳು.

ವಪ್ಪು ದಿನ ಚಳಿಗಾಳಿಯಿತ್ತು. ನದಿಯ ದಂಡೆ ಕೆಂಪು, ಹಸಿರು, ನೇರಳೆ ಓವರಾಲುಗಳಿಂದ ತುಂಬಿ ತುಳುಕುತ್ತಿತ್ತು. ಅದರ ನಡುವೆ ಇವರು ಕಪ್ಪು ಕೋಟು ತೊಟ್ಟು ಸಕ್ಕರೆ ಹೊರಳಿಸಿದ ಡೋನಟ್ ತಿನ್ನುತ್ತಿದ್ದರು. ಓಟ್ಸೋ ಮುನಿಸು ಬಿಟ್ಟಿರಲಿಲ್ಲ, ಆದರೆ ಬಂದಿದ್ದ. ಕೆಂಪು ಓವರಾಲಿನ ಒಬ್ಬ ಹುಡುಗಿ ಇವರನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮ್ಮದೆಲ್ಲಿ? ದುಡ್ಡು ಸಾಲಲಿಲ್ವಾ?"

ಹಿಲ್ಲಾ ಬಾಯಿ ತೆರೆಯುವಷ್ಟರಲ್ಲಿ ಓಟ್ಸೋ ಬೆರಳಿನ ಸಕ್ಕರೆ ಕೊಡವಿಕೊಂಡು ಮುಂದೆ ಬಂದ.

"ನಮ್ಮದು ಹಗಲು ಹೊತ್ತಲ್ಲಿ ಹೊಲೀತಿದಾರೆ," ಎಂದ. "ನಿಮ್ಮದು ಯಾವಾಗ ಹೊಲಿದಿದ್ದು?"