ಸಾವಿರಕ್ಕೆ ಹದಿನೆಂಟು

"ಇದು ಯಾವ ದಡದ್ದು?" ಎಂದು ಅಂಕಿಅಂಶ ಇಲಾಖೆಯ ಗುಮಾಸ್ತರು ಕೇಳಿದರು.

"ನಿನ್ನೆ ಒಂದು ಕೆಜಿ ಆರುನೂರು," ಎಂದರು ಹೆರಿಗೆ ಮನೆಯ ದೊಡ್ಡ ಸಿಸ್ಟರ್, ತಲೆ ಎತ್ತದೆ.

ಗುಮಾಸ್ತರು ಕೇಳಿದ್ದು ಒಂದು, ಸಿಕ್ಕ ಉತ್ತರ ಇನ್ನೊಂದು. ಮೇಜಿನ ಮೇಲೆ ಸೋಪಿನ ಕಂಪನಿಯ ಹೆಸರಿದ್ದ ಒಂದು ರಟ್ಟಿನ ಡಬ್ಬವಿತ್ತು. ಅದರೊಳಗೆ ಹತ್ತಿ, ಹತ್ತಿಯ ನಡುವೆ ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಸುತ್ತಲೂ ಹಳೆಯ ಕಾಲುಚೀಲ ತೊಡಿಸಿದ ನಾಲ್ಕು ಬಿಸಿನೀರಿನ ಬಾಟಲಿ. ಸಿಸ್ಟರ್ ಒಂದೊಂದೇ ಬಾಟಲಿಯನ್ನು ತೆಗೆದು ತಮ್ಮ ಮಣಿಕಟ್ಟಿನ ಒಳಬದಿಗೆ ಒತ್ತಿ ನೋಡಿ, ಎರಡನ್ನು ಮತ್ತೆ ಒಳಗಿಟ್ಟು, ತಣ್ಣಗಾದ ಇನ್ನೆರಡನ್ನು ಆಯಾಳ ಕೈಗೆ ಕೊಟ್ಟರು.

ಊರು ಒಂದೇ, ನದಿ ಅದನ್ನು ಎರಡು ಮಾಡಿತ್ತು. ಈ ದಡ ಒಂದು ಪ್ರಾಂತ್ಯ, ಆ ದಡ ಇನ್ನೊಂದು. ನಡುವೆ ಕಬ್ಬಿಣದ ಸೇತುವೆ. ಈ ದಡದಲ್ಲಿ ಮೂವತ್ತು ವರ್ಷದಿಂದ ಹಳಬರ ಪಕ್ಷದ್ದೇ ಆಳ್ವಿಕೆ. ಮನೆತನ ಗಟ್ಟಿಯಾಗಿರಲಿ, ನೆರೆಹೊರೆ ಒಂದಾಗಿರಲಿ, ಸರ್ಕಾರ ದೂರ ನಿಂತರೆ ಸಾಕು ಎನ್ನುವವರು ಅವರು. ಆ ದಡದಲ್ಲಿ ಹೊಸಬರ ಪಕ್ಷ. ಹುಟ್ಟಿನಿಂದ ಸಾವಿನವರೆಗೆ ಪ್ರತಿಯೊಬ್ಬರನ್ನೂ ಸರ್ಕಾರವೇ ಕೈಹಿಡಿದು ನಡೆಸಬೇಕು ಎನ್ನುವುದು ಅವರ ವಾದ. ಯಾರ ನೀತಿಯಿಂದ ಜನ ಚೆನ್ನಾಗಿದ್ದಾರೆ ಎಂಬ ಜಗಳ ಕ್ಷೌರದಂಗಡಿಯಲ್ಲಿ ಶುರುವಾದರೆ ಕತ್ತರಿ ಗಾಳಿಯಲ್ಲೇ ನಿಲ್ಲುತ್ತಿತ್ತು, ಗಿರಾಕಿ ಅರ್ಧ ತಲೆಯಲ್ಲೇ ಎದ್ದು ವಾದಿಸುತ್ತಿದ್ದ.

ಆ ಜಗಳಕ್ಕೆ ಪೂರ್ಣವಿರಾಮ ಇಟ್ಟವರು ಈ ಗುಮಾಸ್ತರೇ. ಹತ್ತು ವರ್ಷದ ದಾಖಲೆ ಕೂಡಿಸಿ, ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ತೀರಿಕೊಳ್ಳುವವರು ಈ ದಡದಲ್ಲಿ ಹತ್ತು, ಆ ದಡದಲ್ಲಿ ಅರವತ್ತು ಎಂದು ತೋರಿಸಿಕೊಟ್ಟಿದ್ದರು. ಹಳಬರು ಆ ಎರಡು ಅಂಕಿಯನ್ನು ಗೋಡೆಗೋಡೆಗೆ ಬರೆಸಿದರು. ಇಪ್ಪತ್ತಾರು ವರ್ಷ ಕಡತಗಳ ಹಿಂದೆ ಕೂತು ಬೆನ್ನು ಬಾಗಿಸಿಕೊಂಡಿದ್ದ ಮನುಷ್ಯನನ್ನು ಮೇಲಧಿಕಾರಿ ಮೊದಲ ಸಲ ಕುರ್ಚಿ ಕೊಟ್ಟು ಕೂರಿಸಿ ಮಾತಾಡಿಸಿದ್ದರು. ಸೋಮವಾರ ಮಂತ್ರಿಗಳೇ ಈ ಹೆರಿಗೆ ಮನೆಗೆ ಬರುವವರಿದ್ದರು, ಬರಿಗೈಯಲ್ಲಲ್ಲ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ, ದೊಡ್ಡ ಸಿಸ್ಟರ್ ಹನ್ನೊಂದು ವರ್ಷದಿಂದ ಅರ್ಜಿ ಬರೆಯುತ್ತಿದ್ದ ಇನ್‌ಕ್ಯುಬೇಟರ್, ಅವರ ಜೊತೆ ಬರುತ್ತಿತ್ತು.

"ಲೆಕ್ಕ ಸರಿ ಇದೆ ಅಂತ ಇಲ್ಲೊಂದು ಸಹಿ ಹಾಕ್ಬಿಡಿ ಸಿಸ್ಟರ್. ಐದು ಗಂಟೆಯೊಳಗೆ ನಾನು ಮೇಲಿನವರಿಗೆ ಫೋನ್ ಮಾಡ್ಬೇಕು."

ದೊಡ್ಡ ಸಿಸ್ಟರ್ ಕನ್ನಡಕ ಏರಿಸಿ ಹಾಳೆ ಓದಿದರು. ಹತ್ತು ವರ್ಷದಲ್ಲಿ ಈ ದಡದ ಹುಟ್ಟು ಸಾವಿರದ ಆರುನೂರು, ಸಾವು ಹದಿನಾರು. ಅವರು ಮತ್ತೊಮ್ಮೆ ಓದಿದರು. ಮೂಲೆಯಲ್ಲಿ ಗಾಜಿನ ಪೆಟ್ಟಿಗೆಗೆಂದು ಜಾಗ ಗುಡಿಸಿ, ನೆಲಕ್ಕೆ ಸುಣ್ಣದ ಗೆರೆ ಎಳೆದು ಆಗಿತ್ತು. ಅವರ ಕಣ್ಣು ಆ ಗೆರೆಯ ಮೇಲೆ ನಿಂತಿತು, ಅಲ್ಲಿಂದ ರಟ್ಟಿನ ಡಬ್ಬಕ್ಕೆ ಬಂತು. ಸಹಿ ಹಾಕಿಬಿಡಬೇಕು ಎಂದು ಅವರಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಪೆನ್ನಿನ ಮುಚ್ಚಳ ತೆಗೆದೂ ಆಗಿತ್ತು.

ಆಮೇಲೆ ಮುಚ್ಚಳ ಹಾಕಿ, ಕಪಾಟಿನಿಂದ ದಪ್ಪ ರಟ್ಟಿನ ನೋಟುಪುಸ್ತಕಗಳನ್ನು ಒಂದರ ಮೇಲೊಂದು ತಂದಿಟ್ಟರು.

"ಸಾರ್, ಇದ್ರಲ್ಲಿ ಮೂಲೆ ಮಡಚಿರೋ ಪುಟ ಎಷ್ಟಿದೆ ಎಣಿಸಿ."

ಒಂದು ಮಗುವಿಗೆ ಒಂದು ಪುಟ. ಬಲಗಡೆ ದೊಡ್ಡ ಸಿಸ್ಟರ್ ಅವರ ದುಂಡಗಿನ ಅಕ್ಷರದಲ್ಲಿ ಹುಟ್ಟಿದ ಹೊತ್ತು, ತೂಕ, ಮನೆಯ ವಿಳಾಸ. ಎಡಗಡೆ ಅವಸರದ ಬೇರೆ ಅಕ್ಷರದಲ್ಲಿ ಮೂರನೇ ದಿನ, ಏಳನೇ ದಿನ, ನಲವತ್ತನೇ ದಿನ ಮನೆಗೆ ಹೋಗಿ ನೋಡಿದ್ದು: ಹಾಲು ಕುಡೀತಿದೆ, ಹೊಕ್ಕುಳು ಒಣಗಿದೆ, ತಾಯಿಗೆ ಜ್ವರ. ಗುಮಾಸ್ತರು ಬೆರಳಿಗೆ ಎಂಜಲು ಹಚ್ಚಿಕೊಂಡು ಎಣಿಸಿದರು. ಮಡಚಿದ ಮೂಲೆಗಳು, ಎಂದರೆ ತೀರಿಕೊಂಡ ಕೂಸುಗಳು, ಮೂವತ್ತು.

"ನನ್ನ ಲೆಕ್ಕದಲ್ಲಿ ಹದಿನಾರೇ ಇರೋದು."

"ಉಳಿದ ಹದಿನಾಲ್ಕು ಆ ದಡದವು. ಅಲ್ಲಿ ದೊಡ್ಡಾಸ್ಪತ್ರೆ ನಲವತ್ತು ಮೈಲಿ. ನೋವು ಬಂದ್ರೆ ಹೆಚ್ಚಿನೋರು ಸೇತುವೆ ದಾಟಿ ಇಲ್ಲಿಗೇ ಬರೋದು. ಇಲ್ಲಿ ಹೆತ್ತು, ಮೂರನೇ ದಿನ ಮನೆಗೆ ಹೋಗ್ತಾರೆ. ಮಗು ಹೋದ್ರೆ ಅಲ್ಲಿನ ಕಚೇರೀಲಿ ಬರೆಸ್ತಾರೆ."

ಗುಮಾಸ್ತರು ತಮ್ಮ ಹಾಳೆಯನ್ನು ನೋಟುಪುಸ್ತಕದ ಪಕ್ಕಕ್ಕೆ ಎಳೆದುಕೊಂಡರು. ಹುಟ್ಟನ್ನು ಹೆರಿಗೆಯಾದ ಜಾಗದಲ್ಲಿ, ಸಾವನ್ನು ಮನೆಯ ವಿಳಾಸದಲ್ಲಿ ಬರೆಯುವುದು ಕಚೇರಿಯ ಪದ್ಧತಿ. ಅದನ್ನು ಇಪ್ಪತ್ತಾರು ವರ್ಷ ತಾವೇ ಶ್ರದ್ಧೆಯಿಂದ ಪಾಲಿಸಿದ್ದರು. ಎರಡನ್ನೂ ಒಂದೇ ಹಾಳೆಯಲ್ಲಿ ಇಟ್ಟು ಭಾಗಿಸುವಾಗ, ಹೆತ್ತವರು ಸೇತುವೆ ದಾಟಿರಬಹುದೆಂದು ಹೊಳೆದಿರಲಿಲ್ಲ. ನಿಯಮ ಪಾಲಿಸುವವನೇ ಮಾಡಬಹುದಾದ ತಪ್ಪು ಅದು.

"ಹುಟ್ಟಿದ್ದನ್ನ ನಮ್ಮದು ಅಂತ ಬರ್ಕೊಂಡು, ಹೋದದ್ದನ್ನ ಅವರದು ಅಂದ್ರೆ ಹೇಗೆ ಸಾರ್?" ಎಂದರು ಸಿಸ್ಟರ್. "ಎಲ್ಲಾ ನನ್ನ ಕೈಗೇ ಬಿದ್ದವು."

"ಇದನ್ನ ಹೇಳಿದ್ರೆ ಪೆಟ್ಟಿಗೆ ಬರಲ್ಲ ಸಿಸ್ಟರ್."

"ಗೊತ್ತು."

"ಹನ್ನೊಂದು ವರ್ಷ ಕಾದಿದೀರಿ."

"ಅದೂ ಗೊತ್ತು. ನೀವು ಲೆಕ್ಕ ಮಾಡಿ."

ಅವರು ಮಾಡಿದರು. ಪ್ರತಿ ಮಗುವನ್ನೂ ಅದರ ಮನೆಯ ದಡಕ್ಕೆ ಕಳಿಸಿ, ಆ ದಡದ ಆಸ್ಪತ್ರೆಯಲ್ಲೇ ಹುಟ್ಟಿದ ಮಕ್ಕಳನ್ನೂ ಸೇರಿಸಿ ಭಾಗಿಸಿದರು. ಈ ದಡದಲ್ಲಿ ಸಾವಿರಕ್ಕೆ ಹದಿನೆಂಟು. ಆ ದಡದಲ್ಲೂ ಸಾವಿರಕ್ಕೆ ಹದಿನೆಂಟು. ನಂಬಿಕೆ ಬಾರದೆ ಮತ್ತೆ ಮಾಡಿದರು. ಅಂಕಿ ಅಲುಗಾಡಲಿಲ್ಲ.

"ಈ ಎಡಗಡೆ ಅಕ್ಷರ ಯಾರದು?" ಎಂದು ಕೇಳಿದರು.

"ನಮ್ಮ ನಾದಿನಿದು. ಆ ದಡದ ಸರ್ಕಾರ ಮನೆಮನೆಗೆ ಕಳಿಸೋ ನರ್ಸು. ನಮ್ಮಲ್ಲಿ ಅಂಥದ್ದಿಲ್ಲ. ತನ್ನ ಕೆಲಸ ನಾಲ್ಕಕ್ಕೆ ಮುಗಿಸಿ ನಮ್ಮ ಮನೆಗಳಿಗೂ ಹೋಗ್ತಾಳೆ. ಸರ್ಕಾರಿ ಸ್ಕೂಟರ್ ಸೇತುವೆ ದಾಟೋ ಹಾಗಿಲ್ಲ, ಅದಕ್ಕೆ ಅಲ್ಲೇ ನಿಲ್ಲಿಸಿ ನಡೀತಾಳೆ." ಸಿಸ್ಟರ್ ಮೂಗು ಮುರಿದರು. "ಬುದ್ಧಿ ಮಾತ್ರ ಇಲ್ಲ ಸಾರ್ ಅವಳಿಗೆ. ಎಲ್ಲಾ ಸರ್ಕಾರವೇ ಮಾಡ್ಬೇಕು ಅಂತಾಳೆ. ಈ ಹೆರಿಗೆ ಮನೆ ಯಾವ ಸರ್ಕಾರ ಕಟ್ಟಿತು? ಹತ್ತು ಮನೆಯವರು ಸೇರಿ ಇಟ್ಟಿಗೆ ಹೊತ್ತಿದ್ದು. ಹೇಳಿದ್ರೆ ಕೇಳಲ್ಲ. ಆದ್ರೆ ಹತ್ತು ವರ್ಷದಲ್ಲಿ ಒಂದು ದಿನ ನಾಲ್ಕು ಗಂಟೆ ತಪ್ಪಿಸಿಲ್ಲ."

ಕೊನೆಯ ಮಾತು ಹೇಳುವಾಗ ಅವರ ದನಿ ಮೆತ್ತಗಾಗಿತ್ತು. ಗುಮಾಸ್ತರಿಗೆ ತಮ್ಮ ಜೀವಮಾನದ ಕಡತಗಳೆಲ್ಲ ಒಮ್ಮೆಲೇ ಹಗುರವೆನಿಸಿದವು, ಈ ಎರಡು ಕೈಬರಹದ ಮುಂದೆ ತಲೆ ಬಾಗಬೇಕೆನಿಸಿತು.

ಅಷ್ಟರಲ್ಲಿ ಬಾಗಿಲಲ್ಲಿ ಗಾಡಿ ನಿಂತಿತು. ತುಂಬು ಗರ್ಭಿಣಿಯೊಬ್ಬಳು ಇಬ್ಬರ ಹೆಗಲ ಮೇಲೆ ತೂಗುತ್ತಾ ಒಳಗೆ ಬಂದಳು. ದೊಡ್ಡ ಸಿಸ್ಟರ್ ಅಂಗಿಯ ತೋಳು ಮಡಚಿಕೊಂಡರು. ಆಯಾ ಬಾಟಲಿಗೆಂದು ಒಲೆಯ ಮೇಲಿಟ್ಟಿದ್ದ ನೀರು ಇಳಿಸಿ ಕತ್ತರಿ, ದಾರ ಕುದಿಯಲು ಇಟ್ಟಳು. ಒಲೆ ಇದ್ದದ್ದು ಒಂದೇ. ಈ ಗಡಿಬಿಡಿಯಲ್ಲೂ ಸಿಸ್ಟರ್ ಡಬ್ಬದ ಕೂಸನ್ನು ತಕ್ಕಡಿಗೆ ಹಾಕಿ, ತೂಕ ಗಟ್ಟಿಯಾಗಿ ಹೇಳಿಕೊಂಡೇ ಬರೆದು, ನೋಟುಪುಸ್ತಕವನ್ನು ಗುಮಾಸ್ತರ ಕೈಗೆ ತುರುಕಿದರು.

"ನಾಲ್ಕಾಯ್ತು ಸಾರ್. ಸೇತುವೆಗೆ ಅವಳು ಬರೋ ಹೊತ್ತು. ಇವತ್ತು ನೀವೇ ಕೊಟ್ಟು ಬನ್ನಿ. ಅವಳು ಕೊಡೋದನ್ನ ತೊಗೊಂಡು ಬೇಗ ಬನ್ನಿ."

ಸೇತುವೆಯ ನಡುವೆ ಎರಡು ಪ್ರಾಂತ್ಯಗಳನ್ನು ಬೇರೆ ಮಾಡುವ ಬಿಳಿ ಗೆರೆ ಅರ್ಧ ಅಳಿಸಿಹೋಗಿತ್ತು. ಗುಮಾಸ್ತರು ಅಲ್ಲಿ ನಿಂತು ಮೇಲಧಿಕಾರಿಗೆ ಫೋನ್ ಮಾಡಿದರು.

"ಏನ್ರೀ, ಸಹಿ ಆಯ್ತಾ? ನಾವು ಹತ್ತು, ಅವರು ಅರವತ್ತು. ಅಷ್ಟೇ ತಾನೆ?"

"ಇಲ್ಲ ಸಾರ್. ನಾನು ತಪ್ಪು ಮಾಡಿದ್ದೆ. ಎರಡೂ ಕಡೆ ಹದಿನೆಂಟು."

ಆ ಕಡೆಯಿಂದ ಬಂದ ಬೈಗುಳ ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದವನಿಗೂ ಕೇಳಿಸಿತು. ಗೋಡೆ ಮೇಲೆ ಬರೆಸಿದ್ದನ್ನು ನಿಮ್ಮಪ್ಪ ಬಂದು ಅಳಿಸ್ತಾನೇನ್ರೀ? ಮಂತ್ರಿಗಳು ಸಮ ಸಮ ಅಂತ ಹೇಳೋಕೆ ಬರ್ತಾರೇನ್ರೀ? ಸೋಮವಾರದ ಕಾರ್ಯಕ್ರಮ ರದ್ದು. ಪೆಟ್ಟಿಗೆ ಬೇರೆ ಊರಿಗೆ. ನೀವು ಬನ್ನಿ, ನಿಮ್ಮ ಕುರ್ಚಿ ವಿಚಾರ ಮಾತಾಡೋಣ. ಗುಮಾಸ್ತರು "ಆಗ್ಲಿ ಸಾರ್" ಎಂದು ಫೋನ್ ಇಟ್ಟರು. ಹೇಳಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ.

ಆ ದಡದ ತುದಿಯಲ್ಲಿ ಸ್ಕೂಟರ್ ನಿಲ್ಲಿಸಿ, ಕುಳ್ಳಗಿನ ಹೆಂಗಸೊಬ್ಬಳು ಎರಡೂ ಕಂಕುಳಲ್ಲಿ ಏನನ್ನೋ ಅವುಚಿಕೊಂಡು ಬಿರಬಿರನೆ ಬಂದಳು.

"ಅತ್ತಿಗೆ ಎಲ್ಲಿ?"

"ಹೆರಿಗೆ ಬಂತು. ನನ್ನ ಕಳಿಸಿದ್ರು."

"ಓ, ಅಂಕಿ ಸಾಹೇಬ್ರಾ ನೀವು! ನಮ್ಮ ದಡದ ಮಾನ ಗೋಡೆಗೋಡೆಗೆ ಹರಾಜು ಹಾಕಿದೋರು." ಅವಳು ನಕ್ಕಳು. "ಅತ್ತಿಗೆ ಏನಂದ್ರು? ಹತ್ತು ಮನೆ, ಇಟ್ಟಿಗೆ, ಅದೇ ತಾನೆ? ಆ ಹತ್ತು ಮನೆ ಇಲ್ಲದ ಊರಲ್ಲಿ ಹೆಂಗಸರು ಏನ್ ಮಾಡ್ಬೇಕಂತೆ, ಕೇಳಿದ್ರಾ? ಹಟಮಾರಿ. ಇಂಥ ಕೈ ಮಾತ್ರ ನಮ್ಮ ದೊಡ್ಡಾಸ್ಪತ್ರೇಲೂ ಇಲ್ಲ." ಮರುಕ್ಷಣ ನಗು ನಿಂತಿತು. "ಡಬ್ಬದ ಪಾಪು?"

ಗುಮಾಸ್ತರಿಗೆ ಆ ಮಗುವಿನ ದಡ ಯಾವುದೆಂದು ಇನ್ನೂ ಗೊತ್ತಿರಲಿಲ್ಲ. ಕೈಯಲ್ಲಿದ್ದ ಪುಸ್ತಕದಲ್ಲಿ ವಿಳಾಸವಿತ್ತು. ನೋಡಬೇಕೆನಿಸಲಿಲ್ಲ.

"ಒಂದು ಕೆಜಿ ಆರುನೂರ ನಲವತ್ತು," ಎಂದರು.

"ನಲವತ್ತು ಗ್ರಾಂ ಏರಿದೆ!" ಅವಳು ಕಣ್ಣು ಮುಚ್ಚಿ ತೆಗೆದಳು. ಕಂಕುಳಿನಿಂದ ಕಾಲುಚೀಲ ತೊಡಿಸಿದ ಎರಡು ಬಾಟಲಿ ತೆಗೆದು ಕೊಟ್ಟಳು. "ಈ ಹೊತ್ತಿಗೆ ಅತ್ತಿಗೆ ಒಲೆ ಖಾಲಿ ಇರಲ್ಲ. ದಿನಾ ಕೊನೇ ಮನೇಲಿ ನೀರು ಕಾಯಿಸಿ ತುಂಬಿಸ್ಕೊಂಡು ಬರ್ತೀನಿ. ಓಡಿ ಸಾಹೇಬ್ರೇ, ಆರಿಹೋಗುತ್ತೆ."

ಅವಳು ಪುಸ್ತಕ ತೆರೆದು ವಿಳಾಸ ಹುಡುಕುತ್ತಾ ಈ ದಡದ ಓಣಿಯತ್ತ ಹೊರಟಳು. ಗುಮಾಸ್ತರು ಚೀಲದಿಂದ ಕಡತ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡರು. ಬಾಟಲಿಯೊಂದನ್ನು ಮಣಿಕಟ್ಟಿನ ಒಳಬದಿಗೆ ಒತ್ತಿ ನೋಡಿದರು. ಬಿಸಿ ಇತ್ತು. ಎರಡನ್ನೂ ಚೀಲದಲ್ಲಿಟ್ಟು, ಚೀಲವನ್ನು ಹೊಟ್ಟೆಗೆ ಅವುಚಿಕೊಂಡು, ಐವತ್ತೈದರ ಆ ಬಾಗಿದ ಬೆನ್ನಿನ ಮನುಷ್ಯ ಸೇತುವೆಯ ಮೇಲೆ ಓಡತೊಡಗಿದರು.