ಹದಿಮೂರೂವರೆ ಗಂಟೆಯ ದಾರಿ

ಚಿಲಿಯ ಸ್ಯಾಂಟಿಯಾಗೊ ವಿಮಾನ ನಿಲ್ದಾಣದಿಂದ ನಮ್ಮ ದ್ವೀಪದ ಎದುರಿನ ಸ್ಪ್ಲಿಟ್ ನಗರದ ನಿಲ್ದಾಣಕ್ಕೆ ಅತಿ ಹತ್ತಿರದ ಆಕಾಶಮಾರ್ಗ ಸುಮಾರು ಹನ್ನೆರಡು ಸಾವಿರದ ಇನ್ನೂರ ಎಪ್ಪತ್ತು ಕಿಲೋಮೀಟರ್. ಗಂಟೆಗೆ ಒಂಬೈನೂರು ಕಿಲೋಮೀಟರ್ ವೇಗದಲ್ಲಿ ಹದಿಮೂರೂವರೆ ಗಂಟೆಗಿಂತ ತುಸು ಹೆಚ್ಚು. ಫೆಬ್ರವರಿಯಲ್ಲಿ ಲುಕ್ರ ಅತ್ತೆಯ ಅಡುಗೆಮನೆಯಲ್ಲಿ ಕುಳಿತು ಇದನ್ನು ಎರಡು ಸಲ ಪರಿಶೀಲಿಸಿದ್ದೆ.

ಅತ್ತೆಗೆ ಕಾಯಿಲೆ ಉಲ್ಬಣಿಸಿತ್ತು. ನಲವತ್ತು ವರ್ಷಗಳಿಂದ ಚಿಲಿಯ ಆಂತೊಫಗಾಸ್ತಾದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದ ಅವರ ಅಣ್ಣ, ನನ್ನ ಯೆರ್ಕೊ ದೊಡ್ಡಪ್ಪ, ಫೋನಿನಲ್ಲಿದ್ದರು.

"ಈಸ್ಟರಿಗೇ ಬಂದುಬಿಡ್ಲಾ, ನಿವೇಸ್?" ಎಂದು ನನ್ನನ್ನು ಕೇಳಿದರು.

ಅತ್ತೆ ಮಧ್ಯೆ ಬಾಯಿ ಹಾಕಿದರು. "ಬರೋದಾದ್ರೆ ಬಾ, ಇಲ್ಲಾಂದ್ರೆ ಅಲ್ಲೇ ಮೊಳೆ ಮಾರ್ಕೊಂಡಿರು. ನಿನ್ನ ಮೂತಿ ನೋಡ್ದೆ ನಾನೇನೂ ಸಾಯಲ್ಲ."

"ಸಾಯೋ ಮುಂಚೆ ಒಂದು ಮಾತು ತಿಳಿಸೇ, ಮಾರಾಯ್ತಿ!"

ಇಬ್ಬರೂ ನಕ್ಕರು. ಆಗ ನಾನು ಹೇಳಿದೆ: "ಅವಸರ ಬೇಡ ದೊಡ್ಡಪ್ಪ. ಬೇಕಾದಾಗ ನಾನೇ ಫೋನ್ ಮಾಡ್ತೀನಿ. ಹದಿಮೂರೂವರೆ ಗಂಟೆ ಅಷ್ಟೆ, ಒಂದು ನಿದ್ದೆ ಮಾಡಿ ಏಳೋದ್ರೊಳಗೆ ಇಲ್ಲಿರ್ತೀರಿ."

ಅತ್ತೆ ನನ್ನತ್ತ ನೋಡಿದರು. ದೊಡ್ಡಪ್ಪ ಈಸ್ಟರಿಗೆ ಬರಲಿಲ್ಲ.

ಮೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಏಳಕ್ಕೆ ವೈದ್ಯರು, ಇನ್ನು ಎರಡು ದಿನವಿರಬಹುದು ಎಂದರು. ಕೂಡಲೇ ಫೋನ್ ಮಾಡಿದೆ. ದೊಡ್ಡಪ್ಪನಿಗೆ ಟಿಕೆಟ್ ಸಿಕ್ಕಿದ್ದು ಹದಿನಾಲ್ಕು ಗಂಟೆಗಳ ಅನಂತರದ ವಿಮಾನಕ್ಕೆ. ಸ್ಯಾಂಟಿಯಾಗೊದಲ್ಲಿ ವಿಮಾನ ಬದಲಿಸಬೇಕು. ಮ್ಯಾಡ್ರಿಡ್‌ನಲ್ಲಿ ಹದಿನೈದು ಗಂಟೆ ಕಾಯಬೇಕು. ಸ್ಪ್ಲಿಟ್‌ನಲ್ಲಿ ಇಳಿದು ನಮ್ಮ ದ್ವೀಪಕ್ಕೆ ಹಡಗು ಹಿಡಿಯಬೇಕು. ಗುರುವಾರ ಮಧ್ಯಾಹ್ನ ಒಂದಕ್ಕೆ ಮೊದಲು ಅವರು ತಲುಪುವಂತಿರಲಿಲ್ಲ. ನನ್ನ ಲೆಕ್ಕದಲ್ಲಿ ಇದ್ದದ್ದು ಎರಡು ಬಿಂದುಗಳು ಮತ್ತು ಒಂದು ವೇಗ ಮಾತ್ರ.

ಅತ್ತೆ ಕಣ್ಣು ತೆರೆದಾಗಲೆಲ್ಲ, "ಅವನು ಬರೋಕೆ ಇನ್ನೆಷ್ಟು ಹೊತ್ತು?" ಎಂದು ಕೇಳುತ್ತಿದ್ದರು. ನಾನು ಗಡಿಯಾರ ನೋಡಿ ನಿಖರವಾಗಿ ಉತ್ತರಿಸುತ್ತಿದ್ದೆ. ಬುಧವಾರ ಸಂಜೆ ಆರು ಹತ್ತಕ್ಕೆ ಅವರು ಹೋದರು.

ದೊಡ್ಡಪ್ಪನ ಫೋನು ಚಿಲಿಯ ಹೊರಗೆ ಕೆಲಸ ಮಾಡುತ್ತಿರಲಿಲ್ಲ. ಗುರುವಾರ ಬೆಳಿಗ್ಗೆಯೇ ನಮ್ಮ ದ್ವೀಪದ ಸುಪೆತಾರ್ ಬಂದರಿನ ಹಲಗೆಯ ಮೇಲೆ ಅತ್ತೆಯ ಸಾವಿನ ಸೂಚನಾಪತ್ರ ಅಂಟಿಸಿದ್ದರು. ಮೊದಲು ನನ್ನ ಬಾಯಿಂದಲೇ ತಿಳಿಯಲೆಂದು ಅದಕ್ಕೆ ಅಡ್ಡವಾಗಿ ನಿಂತೆ. ಆದರೆ ನಾನು ಕುಳ್ಳಿ. ಹಡಗಿನಿಂದ ಇಳಿದ ದೊಡ್ಡಪ್ಪ ಕೈ ಬೀಸುತ್ತ ಬಂದವರು ನನ್ನ ತಲೆಯ ಮೇಲಿನಿಂದ ಅದನ್ನು ಓದಿದರು; ದುಃಖತಪ್ತರ ಪಟ್ಟಿಯಲ್ಲಿ ತಮ್ಮ ಹೆಸರನ್ನೂ ಓದಿದರು.

"ಯಾವಾಗ?"

"ನಿನ್ನೆ ಸಂಜೆ, ಆರು ಹತ್ತಕ್ಕೆ."

"ಆಗ ನಾನು ಮ್ಯಾಡ್ರಿಡ್‌ನಲ್ಲಿ ಕೂತು ಕಾಫಿ ಕುಡೀತಿದ್ದೆ."

"ನನ್ನ ತಪ್ಪು ದೊಡ್ಡಪ್ಪ. ನಾನು ಹಾಗೆ ಹೇಳದಿದ್ರೆ ನೀವು ಈಸ್ಟರಿಗೇ..."

"ಸುಮ್ನಿರಮ್ಮ. ಈ ದಾರೀಲಿ ಮೂರು ಸಲ ಬಂದು ಹೋದವ್ನು ನಾನು. ಎಷ್ಟು ಹೊತ್ತಾಗುತ್ತೆ ಅಂತ ನಂಗೊತ್ತಿರ್ಲಿಲ್ವಾ? ನೀನು ಹೇಳಿದ್ದು ಅನುಕೂಲವಾಗಿತ್ತು, ನಂಬ್ಕೊಂಡೆ."

ಆ ಮಾತಿನಿಂದ ನನ್ನ ಭಾರ ಇಳಿಯಲಿಲ್ಲ. ಅತ್ತೆಗೂ ಆ ದಾರಿ ಎಷ್ಟು ಉದ್ದವೆಂದು ಗೊತ್ತಿದ್ದಿರಬೇಕು ಎಂದು ಆಗಷ್ಟೇ ಹೊಳೆಯಿತು. ದೊಡ್ಡಪ್ಪನ ಸೂಟ್‌ಕೇಸ್ ಎತ್ತಿಕೊಂಡೆ. ಏರುದಾರಿಯ ಅರ್ಧದಲ್ಲಿ ಅವರು ಉಸಿರು ತೆಗೆದುಕೊಳ್ಳಲು ನಿಂತರು.

"ನನ್ನ ಕೇಳಿದ್ಲಾ?"

"ಕೇಳಿದ್ರು," ಎಂದೆ.

ಹನ್ನೊಂದು ಸಲ ಎಂದು ಹೇಳಲಿಲ್ಲ.